ಚುಕ್ಕಿಬಾವಿಗೆ ಆ ಹೆಸರು ಬಂದ ಬಗೆ

ಎರೆಹೊಸೂರಿನ ಪಡುವಣ ಅಂಚಿನಲ್ಲಿ, ಮನೆಗಳ ಸಾಲು ಮುಗಿದು ಹತ್ತಿಯ ಹೊಲಗಳು ಶುರುವಾಗುವ ಕಡೆ, ಕಲ್ಲಿನಲ್ಲಿ ಕಟ್ಟಿದ ಅಗಲವಾದ ಬಾವಿಯೊಂದಿದೆ. ಮೂಡಣ ಬದಿಯಿಂದ ಮೆಟ್ಟಿಲುಗಳು ನೀರಿನವರೆಗೂ ಇಳಿಯುತ್ತವೆ. ಮೇಲೆ, ಮಾಳಿಗೆ ಕುಸಿದ ಒಂದು ಸಣ್ಣ ಕಲ್ಲುಕೋಣೆ. ಅದರ ಮುಂದೆ ಉದ್ದನೆಯ ಕಲ್ಲುದೋಣಿ. ಇದಕ್ಕೆ ಚುಕ್ಕಿಬಾವಿ ಎಂದು ಹೆಸರು. ತಳದಲ್ಲಿ ಹಗಲು ಹೊತ್ತಿನಲ್ಲೂ ಚುಕ್ಕಿಗಳು ಕಾಣುವುದರಿಂದ ಆ ಹೆಸರು ಬಂತೆಂದು ಪರಊರಿನವರು ಹೇಳಿಕೊಳ್ಳುತ್ತಾರೆ. ಹತ್ತಿಬೀಜದ ಕಂಪನಿಯವನೊಬ್ಬ ಬಸ್ಸಿಗೆ ಕಾಯುತ್ತಿದ್ದಾಗ ಈ ಮಾತನ್ನು ನಂಬಿ, ಮಟಮಟ ಮಧ್ಯಾಹ್ನದಲ್ಲಿ ಮೆಟ್ಟಿಲಿಳಿದು, ಬಹಳ ಹೊತ್ತು ಬಗ್ಗಿ ನೋಡಿ, ಕಪ್ಪೆಗಳನ್ನಷ್ಟೇ ಕಂಡು ಮೇಲೆ ಬಂದನಂತೆ. ಅಷ್ಟರಲ್ಲಿ ಬಸ್ಸೂ ಹೋಗಿತ್ತಂತೆ. ಆಕಾಶದ ಚುಕ್ಕಿಗೂ ಈ ಬಾವಿಗೂ ಯಾವ ಸಂಬಂಧವೂ ಇಲ್ಲ. ಈ ಹೆಸರು ಅಷ್ಟೇನೂ ಹಳೆಯದಲ್ಲ. ಇದಕ್ಕೆ ಮೊದಲು ಊರವರೆಲ್ಲ ಇದನ್ನು ಕಳ್ಳಬಾವಿ ಎನ್ನುತ್ತಿದ್ದರು. ಒಂದು ಹೆಸರು ಅಳಿದು ಇನ್ನೊಂದು ನೆಲೆಯಾದದ್ದು ಕಮ್ಮಾರರ ಮನೆಯ ಸೊಸೆ ಇಂದ್ರವ್ವನಿಂದ ಎಂದು ಹಿರಿಯರು ಹೇಳುತ್ತಾರೆ.

ಹಿಂದೆ ಒಮ್ಮೆ, ಹೊರದೇಶಗಳಲ್ಲಿ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಊರಿನ ಗೌಡಕಿ ನಿಂಗನಗೌಡರ ಕೈಯಲ್ಲಿತ್ತು. ಅವರು ದೂರದ ಪೇಟೆಯಲ್ಲಿ ಮುಚ್ಚಿಹೋಗಿದ್ದ ಅರಳೆ ಮಿಲ್ಲಿನಿಂದ ಒಂದು ಎಣ್ಣೆ ಇಂಜಿನ್ನನ್ನು ಕೊಂಡು, ಎತ್ತುಗಳ ಮೇಲೆ ಎತ್ತು ಹೂಡಿಸಿ ಊರಿಗೆ ತರಿಸಿದರು. ಬಾವಿಯ ದಡದಲ್ಲಿ ಕಲ್ಲುಕೋಣೆ ಕಟ್ಟಿ ಅದನ್ನು ಕೂಡಿಸಿದರು. ಅದು ಧಗಧಗ ಎಂದು ಓಡತೊಡಗಿದರೆ ನೀರು ಕೊಳವೆಯಲ್ಲಿ ಏರಿ ಕಲ್ಲುದೋಣಿಗೆ ಬೀಳುತ್ತಿತ್ತು. ದೋಣಿ ತುಂಬಿ ಹೊರಳಿದ್ದು ಕಾಲುವೆ ಹಿಡಿದು ಹೊಲಕ್ಕೆ ಹೋಗುತ್ತಿತ್ತು. ಅಲ್ಲಿಯವರೆಗೆ ಹಗ್ಗ ಜಗ್ಗಿ ಅಂಗೈ ಸುಲಿಸಿಕೊಂಡಿದ್ದ ಹೆಂಗಸರು ದೋಣಿಯ ಸುತ್ತ ಕೊಡ ಇಟ್ಟುಕೊಂಡು ನಿಲ್ಲುವುದಾಯಿತು. ಇಂಜಿನ್ನನ್ನು ನೋಡಿಕೊಳ್ಳುವ ಕೆಲಸ ಊರಿನ ಕಮ್ಮಾರ ಮಾನಪ್ಪನ ಪಾಲಿಗೆ ಬಂತು. ಮಿಲ್ಲಿನಿಂದ ಜೊತೆಗೆ ಬಂದಿದ್ದವನ ಬಳಿ ಅವನು ಅದನ್ನು ಬಿಚ್ಚುವುದನ್ನೂ ಕಟ್ಟುವುದನ್ನೂ ಕಲಿತುಕೊಂಡಿದ್ದ. ಅವನ ಕುಲುಮೆಯೂ ಮನೆಯೂ ಬಾವಿಗೆ ಕೂಗಳತೆಯಲ್ಲೇ ಇದ್ದವು.

ಗೌಡರ ಮಗಳ ಮದುವೆ ಹತ್ತಿರ ಬಂದಿದ್ದ ಬೇಸಿಗೆಯಲ್ಲಿ ಇಂಜಿನ್ನು ನಿಂತಿತು. ನೋಡಿದರೆ ಒಳಗಿನ ಒಂದು ಭಾಗವೇ ಇರಲಿಲ್ಲ. ಕೇಳಿದ್ದಕ್ಕೆ ಮಾನಪ್ಪ, ಅದು ಸೀಳಿದೆ, ಅದಕ್ಕೇ ತೆಗೆದಿಟ್ಟಿದ್ದೇನೆ ಎಂದ. ಸೀಳಿದ್ದರೆ ತಂದು ತೋರಿಸು ಎಂದರು ಗೌಡರು. ತಂದರೆ ನೀವು ಕಸಿದುಕೊಂಡು ಮತ್ತೆ ಹಾಕಿಸುತ್ತೀರಿ, ಮದುವೆ ಮುಗಿಯುವ ತನಕ ತೋರಿಸುವುದಿಲ್ಲ ಎಂದ ಇವನು. ಮಾತು ಬೆಳೆದು, ಇವನು ಅದನ್ನು ಪೇಟೆಯಲ್ಲಿ ಮಾರಿಕೊಂಡು ಸೀಳಿನ ನೆವ ಹೇಳುತ್ತಿದ್ದಾನೆಂದು ಊರೇ ತೀರ್ಮಾನಿಸಿತು. ಮದುವೆಗೆ ಬಂಡಿಯಲ್ಲಿ ನೀರು ಹೇರಬೇಕಾಯಿತು. ಬೀಗರ ಮುಂದೆ ಗೌಡರ ತಲೆ ತಗ್ಗಿತು. ಕಮ್ಮಾರನಿಗೆ ಸುಗ್ಗಿಯಲ್ಲಿ ಸಲ್ಲುತ್ತಿದ್ದ ಕಾಳಿನ ಆಯ ನಿಂತಿತು. ಮಾನಪ್ಪ ಹೆಂಡತಿಯನ್ನೂ ಚಿಕ್ಕ ಮಗನನ್ನೂ ಮನೆಯಲ್ಲಿ ಬಿಟ್ಟು, ಇಕ್ಕಳ ಸುತ್ತಿಗೆ ಹೊತ್ತು ಕೆಲಸ ಹುಡುಕಿಕೊಂಡು ಹೋದವನು, ಆ ಮಳೆಗಾಲದಲ್ಲೇ ಹೋದಲ್ಲಿ ಜ್ವರ ಬಂದು ತೀರಿಕೊಂಡ. ಆ ಭಾಗವನ್ನು ಎಲ್ಲಿಟ್ಟಿದ್ದನೆಂದು ಹೆಂಡತಿಗೂ ಹೇಳಿರಲಿಲ್ಲ. ಹೇಳಿದ್ದರೆ ಗೌಡರ ಮಂದಿ ಅವಳನ್ನು ಬಿಡುತ್ತಿರಲಿಲ್ಲ. ಯುದ್ಧದ ದೆಸೆಯಿಂದ ಹೊಸ ಭಾಗ ಹಡಗಿನಲ್ಲಿ ಬರುವಂತಿರಲಿಲ್ಲ. ಇಂಜಿನ್ನು ತುಕ್ಕು ಹಿಡಿದು ಕೊನೆಗೆ ಹಳೇ ಕಬ್ಬಿಣದವರ ಪಾಲಾಯಿತು, ಹೆಂಗಸರು ಮತ್ತೆ ಹಗ್ಗ ಹಿಡಿದರು, ಬಾವಿಗೆ ಕಳ್ಳಬಾವಿ ಎಂಬ ಹೆಸರು ಅಂಟಿತು. ನೀರಿಗೆ ಬರಬೇಡಿರೆಂದು ಕಮ್ಮಾರರ ಮನೆಯವರಿಗೆ ಯಾರೂ ಹೇಳಲಿಲ್ಲ. ಮಾನಪ್ಪನ ಹೆಂಡತಿಯೇ ಅಂದಿನಿಂದ ಆ ಮೆಟ್ಟಿಲು ತುಳಿಯಲಿಲ್ಲ. ಹಳ್ಳದ ಮರಳಲ್ಲಿ ವರತೆ ತೋಡಿ, ತಂಬಿಗೆಯಿಂದ ಮೊಗೆದು, ಮೈಲಿ ದೂರ ಹೊತ್ತು ತಂದಳು. ಮಗ ಕಾಳಪ್ಪ ಬೆಳೆದು, ಅದೇ ಕುಲುಮೆಯಲ್ಲಿ ಊರಿನ ಕುಡ ಕುಡಗೋಲು ತಟ್ಟುತ್ತ ಮುದುಕನಾದ. ಅವನೂ ಬಾವಿಯ ಕಡೆ ಕಾಲಿಡಲಿಲ್ಲ.

ಇಂಥ ಮನೆಗೆ ಇಂದ್ರವ್ವ ಸೊಸೆಯಾಗಿ ಬಂದಳು. ಹಿತ್ತಲ ಬಾಗಿಲಲ್ಲಿ ನಿಂತರೆ ಬಾವಿ ಕಾಣುತ್ತಿತ್ತು, ನೀರಿಗೆ ಮಾತ್ರ ಹಳ್ಳಕ್ಕೆ ಹೋಗಬೇಕಿತ್ತು. ಬಂದ ಹೊಸದರಲ್ಲಿ ಏಕೆಂದು ಕೇಳಿದ್ದಕ್ಕೆ ಅತ್ತೆ, “ನಮ್ಮ ಮನಿ ಪದ್ಧತಿ” ಎಂದಷ್ಟೇ ಹೇಳಿದ್ದಳು. ಉಳಿದದ್ದನ್ನು ಓಣಿಯ ಹೆಂಗಸರು ಹೇಳಿದರು. ಇಂದ್ರವ್ವ ವಾದಿಸಲಿಲ್ಲ, ಮರೆಯಲೂ ಇಲ್ಲ. ಅತ್ತೆ ಸತ್ತಳು. ಗಂಡ ದೂರದ ಸಕ್ಕರೆ ಕಾರ್ಖಾನೆಯ ಕೆಲಸ ಹಿಡಿದು ಹಬ್ಬಕ್ಕೊಮ್ಮೆ ಬರುವವನಾದ. ಮನೆಯಲ್ಲಿ ಇವಳೂ ಮಾವನೂ ಇಬ್ಬರೇ. ಒಂದು ಬೇಸಿಗೆಯಲ್ಲಿ, ಬಚ್ಚಲ ನೀರು ಓಣಿಗೆ ಹರಿಯುತ್ತದೆಂದು ನೆರೆಯವರು ಗೊಣಗಿದ್ದಕ್ಕೆ, ಅದು ಇಂಗುವಂತೆ ಹಿತ್ತಲಲ್ಲಿ ಗುಂಡಿ ತೋಡಲು ಅವಳೇ ನಿಂತಳು. ಹಳೆಯ ಕುಲುಮೆಯ ಬೂದಿ ಸುರಿಯುತ್ತಿದ್ದ ಮೂಲೆಯದು, ಮಣ್ಣು ಮೆತ್ತಗಿತ್ತು. ಸೊಂಟದ ಆಳಕ್ಕೆ ಇಳಿದಾಗ ಸಲಿಕೆ ಠಣ್ಣೆಂದಿತು. ಬೂದಿ ಕೆದರಿದರೆ ಕಪ್ಪಗೆ ಸೆಟೆದ ಚರ್ಮದ ಗಂಟು. ಚರ್ಮ ಬಿಡಿಸಿದರೆ ಬೆಲ್ಲದ ಪಾಕದಂತೆ ಗಟ್ಟಿಯಾದ ಎಣ್ಣೆಜಿಡ್ಡು. ಜಿಡ್ಡಿನೊಳಗೆ ಎರಡು ಮೊಳ ಉದ್ದದ ಕಬ್ಬಿಣ. ಒಂದು ತುದಿಯಲ್ಲಿ ತಂಬಿಗೆ ಹಿಡಿಯುವಷ್ಟು ದೊಡ್ಡ ತೂತು, ಇನ್ನೊಂದು ತುದಿಯಲ್ಲಿ ಸಣ್ಣದು, ನಡುವೆ ಚಪ್ಪಟೆಯಾದ ಗಟ್ಟಿ ಕುತ್ತಿಗೆ.

ಸದ್ದಿಗೆ ನೆರೆಯವರು ಗೋಡೆಯ ಮೇಲೆ ಕತ್ತು ಚಾಚಿದರು. ಕೋಟೆಯ ಅಗಳಿ ಎಂದನೊಬ್ಬ. ಆನೆ ಕಟ್ಟುವ ಗೂಟ ಎಂದನಿನ್ನೊಬ್ಬ. ದ್ಯಾಮವ್ವನ ಆಯುಧವಿರಬೇಕು, ಕುಂಕುಮ ಹಚ್ಚಿ ಎಂದಳು ಒಬ್ಬ ಮುದುಕಿ. ಕಾಳಪ್ಪ ಕೋಲೂರಿಕೊಂಡು ಬಂದ. ಅದನ್ನು ನೋಡಿದವನೇ ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟ. ನೆರೆಯವರು ಕರಗಿದ ಮೇಲೆ, “ಮುಚ್ಚವ್ವ ಅದನ್ನ” ಎಂದ.

“ಇದು ಅದನ ಏನ್ರಿ, ಮಾವಾರ?”

“ಆ ಇಂಜಿನ್ನು ಬಿಚ್ಚಿದ್ದು ನಾ ಎಲ್ಲಿ ನೋಡೀನಿ? ಇದ್ರೂ ಇರಬಹುದು. ಮುಚ್ಚು.”

ಇಂದ್ರವ್ವ ಸೆರಗಿನಿಂದ ಜಿಡ್ಡು ಒರೆಸಿ, ಬಿಸಿಲಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು. ಸೀಳು ಎಲ್ಲೂ ಕಾಣಲಿಲ್ಲ. ಕುತ್ತಿಗೆಯ ಒಂದು ಮೈಮೇಲೆ ಸಾಲಾಗಿ ಸಣ್ಣ ಸಣ್ಣ ಚುಕ್ಕಿಗಳಿದ್ದವು. ಹಚ್ಚೆ ಹಾಕಿದಂತೆ, ಅಂದಕ್ಕೆ ಹೊಡೆದದ್ದೇನೋ ಅನ್ನಿಸಿತು.

“ಪ್ಯಾಟಿಗೆ ಒಯ್ದು ತೋರಸ್ತೀನ್ರಿ. ಇಂಜಿನ್ ರಿಪೇರಿ ಮಾಡೋರು ಅದಾರಲ್ಲ.”

“ಬ್ಯಾಡ.” ಕಾಳಪ್ಪ ಕೋಲಿನಿಂದ ಬೂದಿಯನ್ನು ಗುಂಡಿಗೆ ನೂಕಿದ. “ಸೀಳಿತ್ತು ಅಂತ ಅಪ್ಪ ಅಂದಿದ್ದ. ಅದನ್ನ ನಂಬಿ ಇಷ್ಟು ದಿನ ಬಾಳೇ ಮಾಡೀನಿ. ಒಯ್ದು ತೋರಸ್ತಿ, ನೆಟ್ಟಗ ಐತಿ ಅಂತಾರ. ಆಮ್ಯಾಲೆ ನಾ ಏನು ಹಿಡಕೊಂಡು ಸಾಯಲಿ?”

ಮುದುಕನ ಭಯ ಸುಳ್ಳಲ್ಲವೆಂದು ಇಂದ್ರವ್ವನಿಗೂ ಗೊತ್ತಿತ್ತು. ಅವಳ ಕಣ್ಣಿಗೇ ಸೀಳು ಕಂಡಿರಲಿಲ್ಲವಲ್ಲ. ಕಬ್ಬಿಣವನ್ನು ದನದ ಕೊಟ್ಟಿಗೆಯಲ್ಲಿಟ್ಟು ಕೊಡ ಎತ್ತಿಕೊಂಡು ಹಳ್ಳಕ್ಕೆ ಹೋದಳು. ಬಿರುಬೇಸಿಗೆ, ವರತೆ ಒಸರುವುದಕ್ಕೆ ಕಾದು ಕಾದು, ಅರ್ಧ ಕೊಡ ಹೊತ್ತು ತಿರುಗಿ ಬಂದಾಗ ಹೊತ್ತು ನೆತ್ತಿಗೇರಿತ್ತು. ಕೊಡ ಇಳಿಸಿದವಳು ಒಳಗೆ ಹೋಗದೆ ಮಾವನ ಎದುರಿಗೇ ನಿಂತಳು. “ನಿಮಗ ಗೊತ್ತಾಗೂದು ಬ್ಯಾಡಾಗಿದ್ರ ಬ್ಯಾಡ್ರಿ. ನನಗ ಬೇಕು. ಈ ನೀರು ಹೊತ್ತಾಕಿ ನಾನು” ಎಂದಳು. ಕಾಳಪ್ಪ ಅವಳ ಮುಖ ನೋಡಲಿಲ್ಲ. ಮರುದಿನ ಬೆಳಿಗ್ಗೆ ಅವಳು ಕೊಟ್ಟಿಗೆಗೆ ಹೋಗಿ ನೋಡಿದರೆ ಕಬ್ಬಿಣ ಕಂಬಳಿಯಲ್ಲಿ ಸುತ್ತಿತ್ತು. ಎತ್ತಿಕೊಳ್ಳಲು ಅನುಕೂಲವಾಗಲೆಂದು ಎರಡು ಕಡೆ ಹಗ್ಗದ ಹಿಡಿಕೆ ಬಿಗಿದಿತ್ತು. ಆ ಗಂಟು ಕಮ್ಮಾರರು ಹಾಕುವ ಗಂಟು.

ತಾಲೂಕಿನ ಪೇಟೆಯಲ್ಲಿ ಅರಳೆ ಅಂಗಡಿಗಳ ಹಿಂದೆ ಗನೀಸಾಬ ಎಂಬವರ, ಕಬ್ಬಿಣ ಕಡೆಯುವ ಲೇತು ಅಂಗಡಿ ಇತ್ತು. ಹರೆಯದಲ್ಲಿ ಮಿಲ್ಲುಗಳ ಇಂಜಿನ್ನು ಓಡಿಸಿದವರು, ಈಗ ಪಂಪು ಟ್ರ್ಯಾಕ್ಟರು ರಿಪೇರಿ ಮಾಡುತ್ತಿದ್ದರು. ಕಂಬಳಿ ಬಿಡಿಸುತ್ತಲೇ ಅವರ ಮುಖ ಅರಳಿತು. “ಇದನ್ನ ಎಲ್ಲಿಂದ ತಂದಿ, ತಂಗಿ? ಇಂಥಾದ್ದು ನೋಡಿ ಎಷ್ಟ ಕಾಲ ಆತು. ಕನೆಕ್ಟಿಂಗ್ ರಾಡು ಇದು. ಅಡ್ಡ ಮಲಗಿಸೋ ಹಳೇ ಎಣ್ಣಿ ಇಂಜಿನ್ನಿಂದು” ಎಂದರು. ಸಣ್ಣ ತೂತಿನ ತುದಿ ಒಳಗೆ ಹಿಂದೆ ಮುಂದೆ ಓಡುವ ಪಿಸ್ಟನ್ನಿಗೆ, ದೊಡ್ಡ ತೂತಿನದು ಗಾಲಿಯನ್ನು ತಿರುಗಿಸುವ ದಂಡಕ್ಕೆ. ಪಿಸ್ಟನ್ನಿನ ಜೋರೆಲ್ಲ ಈ ಕುತ್ತಿಗೆಯ ಮೂಲಕವೇ ಗಾಲಿಗೆ ಹೋಗಬೇಕು ಎಂದು ಕೈಯಾಡಿಸಿ ತೋರಿಸಿದರು. ಇಂದ್ರವ್ವ ಕೇಳಬೇಕಾದ್ದನ್ನು ಕೇಳಿದಳು. ಗನೀಸಾಬರು ಕನ್ನಡಕ ಏರಿಸಿ ನೋಡಿದರು, ಉಗುರಿನಿಂದ ಗೀರಿ ನೋಡಿದರು. ರಾಡನ್ನು ಹಗ್ಗದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟರು. “ಸಪ್ಪಳ ಬೋದ ಬರ್ತೈತಿ, ಗಟ್ಟಿ ಕಬ್ಬಿಣದಂಗ ಠಣ್ ಅನ್ನವಲ್ದು. ಆದ್ರ ಮಣ್ಣಾಗಿದ್ದ ಹಳೇ ಕಬ್ಬಿಣ, ಬರೇ ಸಪ್ಪಳದ ಮ್ಯಾಲೆ ಹೇಳಾಕಾಗೂದಿಲ್ಲ. ಒಂದಿನ ಸೀಮೆಎಣ್ಣ್ಯಾಗ ನೆನಸಿ, ಸುಣ್ಣ ಬಳದು ನೋಡಬೇಕು. ಇಲ್ಲೇ ಬಿಟ್ಟು ಹೋಗು, ನಾಡದು ಬಾ.”

ಇಂದ್ರವ್ವ ರಾಡನ್ನು ಮತ್ತೆ ಕಂಬಳಿಯಲ್ಲಿ ಸುತ್ತತೊಡಗಿದಳು. “ನೀವ ನಮ್ಮೂರಿಗೆ ಬರ್ರಿ, ಸಾಹೇಬ್ರ. ನೋಡೋದು ಊರ ಮಂದಿ ಮುಂದ ಆಗ್ಲಿ. ನಾ ಹೋಗಿ ಹೇಳಿದ್ರ ಯಾರೂ ನಂಬೂದಿಲ್ಲ” ಎಂದಳು.

“ಸೀಳಿಲ್ಲ ಅಂತಾದ್ರ?”

“ಅದೂ ಮಂದಿ ಮುಂದನ ಆಗ್ಲಿ. ಈಗ ಅನ್ನೋದಕ್ಕಿಂತ ಹೆಚ್ಚಿಗಿ ಏನು ಅಂದಾರು?”

ಗನೀಸಾಬರು ಒಪ್ಪಿ, ಮುಂದಿನ ಭಾನುವಾರ ಊರಿಗೆ ಬಂದರು. ಅವರು ಹೇಳಿಕಳಿಸಿದಂತೆ ಇಂದ್ರವ್ವ ಹಿಂದಿನ ದಿನವೇ ರಾಡನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟಿದ್ದಳು. ಮನೆಯಂಗಳ ಸಾಲದೆಂದು ಎಲ್ಲರೂ ಬಾವಿಯ ದಡಕ್ಕೇ ಹೋದರು. ಕಲ್ಲುದೋಣಿಯ ಮೇಲೆ ಹಲಗೆ ಹಾಸಿ ರಾಡನ್ನು ಮಲಗಿಸಿದರು. ನಿಂಗನಗೌಡರ ಮೊಮ್ಮಗ ಬಾಪುಗೌಡ ಬಂದು ಮುಂದೆ ನಿಂತ. ಸತ್ಯ ಯಾವುದೇ ಇರಲಿ, ತನ್ನ ಮನೆತನದ ಮಾತೂ ಇದರಲ್ಲಿದೆಯೆಂದು ಅವನಿಗೆ ತಿಳಿದಿತ್ತು. ಕಾಳಪ್ಪ ಬಾವಿಯ ತನಕ ಬರಲಿಲ್ಲ. ಹೊಲದ ಬದುವಿನ ಮೇಲೆ, ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತುಬಿಟ್ಟ. ಇಂದ್ರವ್ವ ಒಮ್ಮೆ ಅವನ ಕಡೆಗೆ, ಒಮ್ಮೆ ರಾಡಿನ ಕಡೆಗೆ ನೋಡುತ್ತಿದ್ದಳು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳಿಗೆ ಮೊದಲ ಸಲ ಅನುಮಾನ ಬಂದದ್ದು ಆಗ ಎನ್ನುತ್ತಾರೆ.

ಗನೀಸಾಬರು ಒಣಬಟ್ಟೆಯಿಂದ ಸೀಮೆಎಣ್ಣೆಯ ಪಸೆ ಉಳಿಯದಂತೆ ಒರೆಸಿದರು. ತಿಳಿಸುಣ್ಣವನ್ನು ಕುತ್ತಿಗೆಯ ಮೇಲೆ ತೆಳ್ಳಗೆ ಬಳಿದರು. ಬಿಸಿಲಿಗೆ ಸುಣ್ಣ ಒಣಗಿ ಹಾಲಿನಂತೆ ಬೆಳ್ಳಗಾಯಿತು. ಮೊದಲು ಏನೂ ಆಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಕುತ್ತಿಗೆಯ ಒಂದು ಅಂಚಿನಲ್ಲಿ, ಕೂದಲು ಬಿದ್ದಂತೆ, ಒದ್ದೆಯ ಗೆರೆಯೊಂದು ಮೂಡಿತು. ಒಳಗೆ ಸೇರಿಕೊಂಡಿದ್ದ ಸೀಮೆಎಣ್ಣೆ ಹೊರಗೆ ಒಸರಿ ಸುಣ್ಣವನ್ನು ನೆನೆಸುತ್ತಿತ್ತು. ನೋಡನೋಡುತ್ತ ಗೆರೆ ಮುಂದುವರಿಯಿತು, ತುಸು ಬಾಗಿತು, ಕುತ್ತಿಗೆಯ ಅಡ್ಡಕ್ಕೆ ಹಾಯತೊಡಗಿತು. ಮುಂದಿದ್ದವರು ಹಿಂದಿದ್ದವರಿಗೆ ಹೇಳಿದರು, ಹಿಂದಿದ್ದವರು ನೂಕಿಕೊಂಡು ಮುಂದೆ ಬಂದರು.

ಬಾಪುಗೌಡ ಬಗ್ಗಿ ಬಹಳ ಹೊತ್ತು ನೋಡಿದ. “ಸೀಳೇತಿ, ಖರೇ. ಆದ್ರ ಇದು ಮಣ್ಣಾಗ ಬಿದ್ದ ಮ್ಯಾಲೆ ಸೀಳಿರಬಹುದಲ್ಲ, ಸಾಹೇಬ್ರ?” ಎಂದ. ಕುಹಕವೇನೂ ಅದರಲ್ಲಿರಲಿಲ್ಲ, ಯಾರಾದರೂ ಕೇಳಲೇಬೇಕಾದ ಮಾತು.

ಗನೀಸಾಬರು ಗೆರೆ ಹಾದುಹೋದ ದಾರಿಯನ್ನೇ ದಿಟ್ಟಿಸಿದರು. ಹಿತ್ತಲಲ್ಲಿ ಇಂದ್ರವ್ವನ ಕಣ್ಣಿಗೆ ಬಿದ್ದಿದ್ದ ಚುಕ್ಕಿಗಳು ಈಗ ಆ ಗೆರೆಗೆ ಒತ್ತಿಕೊಂಡು, ಒಂದರ ಮುಂದೊಂದು ನಿಂತಿದ್ದವು. ಅವರು ಬೆರಳಿನಿಂದ ಒಂದೊಂದನ್ನೇ ಮುಟ್ಟಿದರು. “ಇಲ್ಲಿ ನೋಡ್ರಿ, ಗೌಡ್ರ. ನಾವೂ ಹಿಂಗ ಮಾಡತಿದ್ವಿ. ಸೀಳು ಎಲ್ಲಿಗೆ ಬಂದು ನಿಂತೈತಿ ಅಲ್ಲಿ ಒಂದು ಚುಕ್ಕಿ ಹೊಡದು ಇಡೋದು. ಮತ್ತ ಇಂಜಿನ್ನು ಓಡಿಸಿ ಬಿಚ್ಚಿ ನೋಡೋದು. ಚುಕ್ಕಿ ದಾಟಿದ್ರ ಅಲ್ಲಿ ಇನ್ನೊಂದು. ಮೊದಲಿನವು ಒರಸಿ ಒರಸಿ ಸವದಾವ, ಕಡೀವು ಚೂಪ ಅದಾವ. ಮಣ್ಣಾಗ ಹೂತದ್ದಕ್ಕ ಯಾರು ಬಂದು ಚುಕ್ಕಿ ಹೊಡೀತಾರ? ಈ ಮನಿಶಾ ಇದನ್ನ ಕಾಯ್ಕೊಂಡು ಕುಂತಿದ್ದ. ಇನ್ನೊಂದಿಷ್ಟು ಓಡಿಸಿದ್ರ ಇದು ಮುರದು, ಗಾಲಿ ಗ್ವಾಡಿ ಎಲ್ಲಾ ಒಡಕೊಂಡು ಹೊರಗ ಬರತಿತ್ತು.” ಎಂದು, ಕಲ್ಲುಕೋಣೆಯ ಬಾಗಿಲಿನಿಂದ ದೋಣಿಯ ಕಡೆಗೆ ಕೈ ಬೀಸಿ ತೋರಿಸಿದರು. “ಈ ಕಡಿಗೇ.”

ಆಗ ಗುಂಪಿನಲ್ಲಿ ಕುಳಿತಿದ್ದ ಸಿದ್ದವ್ವ ಆಯಿ ಎದ್ದಳು. ಆ ಕಾಲದಲ್ಲಿ ದೋಣಿಗೆ ನೀರಿಗೆ ಹೋಗುತ್ತಿದ್ದವರಲ್ಲಿ ಉಳಿದವಳು ಅವಳೊಬ್ಬಳೇ. “ಆ ಬ್ಯಾಸಿಗ್ಯಾಗ ನಮ್ಮನ್ನ ದ್ವಾಣಿ ಹಂತ್ಯಾಕ ನಿಲ್ಲಗೊಡತಿರಲಿಲ್ಲವಾ ಅಂವ” ಎಂದಳು. “ಇಂಜಿನ್ನು ಚಾಲೂ ಆದ್ರ ಸಾಕು, ದೂರ ಸರೀರಿ ಅಂತ ಒದರತಿದ್ದ. ನನ್ನ ಕೊಡ ಎತ್ತಿ ಒಗದಿದ್ದ, ನೆಗ್ಗು ಬಿತ್ತು. ನಮ್ಮವ್ವ ಅವನ ಮನಿ ಮುಂದ ನಿಂತು ಬೈದು ಬಂದ್ಲು. ಗೌಡ್ರ ಇಂಜಿನ್ನು ಕೈಗೆ ಸಿಕ್ಕಿದ್ದಕ್ಕ ಸೊಕ್ಕು ಬಂದೈತಿ ಅಂತ ಅನಕೊಂಡಿದ್ವಿ.” ಹೇಳಿದವಳು ನಿಂತಲ್ಲೇ ನಿಂತು, ತಾನು ಹುಡುಗಿಯಾಗಿದ್ದಾಗ ಕೊಡ ಇಡುತ್ತಿದ್ದ ಜಾಗವನ್ನು ನೋಡಿದಳು. ಅದು ಬಾಗಿಲಿಗೆ ನೇರವಾಗಿತ್ತು.

ಬಾಪುಗೌಡ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬದುವಿನ ತನಕ ನಡೆದ. “ಬರ್ರಿ, ಕಾಳಪ್ಪಜ್ಜ. ಸೀಳಿತ್ತು. ನೀರಿಗೆ ಬರ್ರಿ” ಎಂದ. ಇಂದ್ರವ್ವ ಓಡಿಹೋಗಿ ಹೆಗಲು ಕೊಟ್ಟಳು. ಕಾಳಪ್ಪ ಮೊದಲು ಹಲಗೆಯ ಬಳಿ ನಿಂತು, ಸುಣ್ಣದ ಮೇಲಿನ ಗೆರೆಯ ಉದ್ದಕ್ಕೂ ಹೆಬ್ಬೆರಳು ಎಳೆದ. ಮಂಜಾದ ಕಣ್ಣಿಗೆ ಗೆರೆ ಕಂಡಿತೋ ಇಲ್ಲವೋ. ಚುಕ್ಕಿಗಳು ಬೆರಳಿಗೆ ಸಿಕ್ಕವು. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದ. ಊರವರೆಲ್ಲ ಬಾವಿಯ ಸುತ್ತ ನಿಂತು ನೋಡುತ್ತಿದ್ದರು. ಬೊಗಸೆಯಲ್ಲಿ ಎತ್ತಿ ಕುಡಿದ. ಬಾಯಿ ಚಪ್ಪರಿಸಿದ. ಇನ್ನೊಂದು ಬೊಗಸೆ ಕುಡಿದ. ಆಮೇಲೆ ತಲೆಯೆತ್ತಿ, “ಉಪ್ಪ ಐತಲ್ಲೋ ಈ ನೀರು!” ಎಂದ.

ಮೇಲೆ ನಿಂತವರು ನಕ್ಕರು. ಇಂದ್ರವ್ವನೂ ನಕ್ಕಳು. ಹಳ್ಳದ ವರತೆಯ ನೀರು ಎಳನೀರಿನಂತೆ ಸಿಹಿಯೆಂಬುದು ಅವಳಿಗೆ ಹೊಳೆದದ್ದೇ ಆಗ. ಕಾಳಪ್ಪ ತಿರುಗಿ ಬಗ್ಗಿ ಮುಖ ತೊಳೆಯತೊಡಗಿದ. ಬಹಳ ಹೊತ್ತು ತೊಳೆಯುತ್ತಲೇ ಇದ್ದ, ಯಾರೂ ಅವಸರ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಇಂದ್ರವ್ವ ಕೊಡ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದಲೇ ಬಾವಿಗೆ ಹೋದಳು. ಮುದುಕನಿಗೆ ಕುಡಿಯುವುದಕ್ಕೆಂದು ಮಾತ್ರ ಒಂದು ಸಣ್ಣ ಬಿಂದಿಗೆಯನ್ನು ಹಳ್ಳದಿಂದ ತರುವುದನ್ನು ಅವನು ಇರುವ ತನಕ ಬಿಡಲಿಲ್ಲ.

ಬಾವಿಗೆ ಹೊಸ ಹೆಸರಿಡಬೇಕೆಂದು ಯಾರೂ ಕೂತು ಮಾತಾಡಿದ್ದಿಲ್ಲ. ಆ ಭಾನುವಾರ ಬರಲಾಗದವರು, ಎಲ್ಲಿವೆ ಆ ಚುಕ್ಕಿ, ನಮಗೂ ತೋರಿಸಿ ಎಂದು ಬರತೊಡಗಿದರು. ಸುತ್ತಿನ ಊರವರು ಬಂದರು. ಚುಕ್ಕಿ ನೋಡಲು ಹೋಗಿದ್ದೆವು ಎನ್ನುವುದು, ಚುಕ್ಕಿಬಾವಿಗೆ ಹೋಗಿದ್ದೆವು ಎಂದಾಯಿತು. ಹಳೆಯ ಹೆಸರು ಬಾಯಿಂದ ಬಾಯಿಗೆ ಕಡಿಮೆಯಾಗುತ್ತ ಬಂದು, ಈಗಿನ ಮಕ್ಕಳಿಗೆ ಅದು ಗೊತ್ತೇ ಇಲ್ಲ. ಬಾಪುಗೌಡ ಕಲ್ಲುಕುಟಿಗನನ್ನು ಕರೆಸಿ, ಕಾಳಪ್ಪನನ್ನು ಕೇಳಿಕೊಂಡು, ರಾಡನ್ನು ಕಲ್ಲುಕೋಣೆಯ ಹೊರಗೋಡೆಯಲ್ಲಿ ಸೀಸ ಹೊಯ್ಯಿಸಿ ಕೂಡಿಸಿದ. ಪೂಜೆ ಪುನಸ್ಕಾರ ಬೇಡವೆಂದು ಕಾಳಪ್ಪ ಹೇಳಿದ್ದರಿಂದ ಅದಕ್ಕೆ ಕುಂಕುಮ ಹಚ್ಚುವುದಿಲ್ಲ. ವರ್ಷಕ್ಕೊಮ್ಮೆ ಎಣ್ಣೆ ಸವರುತ್ತಾರೆ, ಅಷ್ಟೇ.

ಇಂದು ಹೋದವರಿಗೂ ಅದು ಕಾಣಸಿಗುತ್ತದೆ. ಗೋಡೆಯಲ್ಲಿ ಎದೆಯೆತ್ತರಕ್ಕೆ ಕಪ್ಪಗೆ ಮಿರುಗುವ ಕಬ್ಬಿಣ. ಅದರ ಕುತ್ತಿಗೆಯ ಅಡ್ಡಕ್ಕೆ ಚುಕ್ಕಿಗಳ ಸಾಲು. ಸೀಳು ಬರಿಗಣ್ಣಿಗೆ ಕಾಣುವುದಿಲ್ಲವಾದ್ದರಿಂದ ಬಂದವರು ಚುಕ್ಕಿಗಳನ್ನು ಹಿಡಿದೇ ಬೆರಳು ಓಡಿಸುತ್ತಾರೆ. ಬೆರಳು ಕೊನೆಯ ಚುಕ್ಕಿಯ ಮೇಲೆ ಬಂದು ನಿಲ್ಲುತ್ತದೆ. ಅಲ್ಲಿಂದ ಆಚೆಯ ಅಂಚಿಗೆ ಸೀಳದೆ ಉಳಿದಿರುವುದು ಒಂದು ಹುಣಸೆಬೀಜದಷ್ಟು ಜಾಗ.